ಐದು ಬುರುಡೆ, ಹನ್ನೆರಡು ಕಲ್ಲು, ಇಪ್ಪತ್ತೇಳು ಚೀಟಿ: ಈ ಕಲಿಕಾ ಪೆಟ್ಟಿಗೆ ಕೊಳ್ಳಬಹುದೇ?

ಬಳ್ಳಾರಿಯಲ್ಲಿ ಶಾಲೆ-ಕಾಲೇಜುಗಳಿಗೆ ಲ್ಯಾಬ್ ಸಾಮಾನು ಕೊಡುವ ಅಂಗಡಿಗಳಲ್ಲಿ ಮಾನವ ವಿಕಾಸದ ಒಂದು ಕಲಿಕಾ ಪೆಟ್ಟಿಗೆ ಸಿಗುತ್ತಿದೆ. ಭಾಷೆ ಮನುಷ್ಯನ ಬುದ್ಧಿಯನ್ನು ಹೇಗೆ ಬೆಳೆಸಿತು ಅನ್ನುವುದನ್ನು ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಕೈಯಾರೆ ಮಾಡಿಸಿ ತಿಳಿಸುವುದು ಇದರ ಉದ್ದೇಶ ಎಂದು ಮುಚ್ಚಳದ ಮೇಲೆ ಬರೆದಿದೆ. ಎರಡು ಮೂರು ಹೆಸರಿನಲ್ಲಿ ಬಂದರೂ ಒಳಗಿನ ಮಾಲು ಒಂದೇ, ಹಾಗಾಗಿ ಹೆಸರು ನೋಡಿ ಕೊಳ್ಳುವ ಪ್ರಶ್ನೆ ಇಲ್ಲ. ಬೆಲೆ 8,400 ರೂಪಾಯಿ, ತೂಕ ಹೆಚ್ಚುಕಡಿಮೆ 13 ಕೆಜಿ. ಒಳಗೆ ಐದು ಬುರುಡೆ, ಗಂಟಲಿನ ಒಂದು ಸೀಳುಮಾದರಿ, ನಾಲಗೆ ಬುಡದ ಮೂಳೆಯ ಒಂದು ಪ್ರತಿಕೃತಿ, ಹನ್ನೆರಡು ಕಲ್ಲು, ಇಪ್ಪತ್ತೇಳು ಚಿತ್ರದ ಚೀಟಿ, ಗೋಡೆಗೆ ಹಾಕುವ ಚಾರ್ಟು ಮತ್ತು 40 ಪುಟದ ಕನ್ನಡ ಪುಸ್ತಿಕೆ ಇವೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಶಾಲೆಯ ಅನುದಾನದಲ್ಲಿ ಎಂಟು ಸಾವಿರ ಸಣ್ಣ ಮೊತ್ತವಲ್ಲ. ದುಡ್ಡೆಲ್ಲ ಹೋಗಿರುವುದು ಬುರುಡೆಗೆ, ಪಾಠ ಇರುವುದು ಕಲ್ಲು ಮತ್ತು ಚೀಟಿಯಲ್ಲಿ. ಮಾತು ಮೂಳೆಯಲ್ಲಿ ಉಳಿಯುವುದಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ದಾಟುವಾಗ ಏನು ಬದಲಾಗುತ್ತದೆ ಎಂಬುದನ್ನು ಮಾತ್ರ ಮಾಡಿ ತೋರಿಸಬಹುದು. ಪೆಟ್ಟಿಗೆ ಮಾಡಿದವರಿಗೆ ಇದು ಅರ್ಧ ಗೊತ್ತಿದ್ದ ಹಾಗಿದೆ. ಅಂಗಡಿಯವರು ಕೇಳಿದರೆ ಕಲ್ಲು ಮತ್ತು ಚೀಟಿಗಳನ್ನು ಬಿಡಿಯಾಗಿ 2,100ಕ್ಕೆ ಕೊಡುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ.

ಆದರೂ ಬುರುಡೆಗಳು ಕಣ್ಣಿಗೆ ಚೆಂದ ಅನ್ನುವುದನ್ನು ಒಪ್ಪಬೇಕು. ಚಿಂಪಾಂಜಿ, ನಮ್ಮ ಅಳಿದುಹೋದ ಬಂಧುಗಳಾದ ಪೂರ್ವ ಆಫ್ರಿಕಾದ ಆಸ್ಟ್ರಲೋಪಿಥೆಕಸ್ ಅಫರೆನ್ಸಿಸ್, 1984ರಲ್ಲಿ ಕೆನ್ಯಾದ ನಾರಿಯೊಕೊಟೊಮೆಯಲ್ಲಿ ಸಿಕ್ಕ ಹೋಮೋ ಎರೆಕ್ಟಸ್ ಹುಡುಗ, 1908ರಲ್ಲಿ ಫ್ರಾನ್ಸಿನ ಲಾ ಶಾಪೆಲ್‌ನಲ್ಲಿ ಸಿಕ್ಕ ನಿಯಾಂಡರ್ತಾಲ್, ಕೊನೆಗೆ ನಮ್ಮಂಥದೇ ಒಂದು. ಮೈ ಪಿಓಪಿಯದು, ಮೇಲೆ ಬಣ್ಣದ ಲೇಪ. ಮೊದಲು ಮುರಿಯುವುದು ಕೆನ್ನೆಯ ಕಮಾನು, ಆಮೇಲೆ ಮುಂದಿನ ಹಲ್ಲು. ಹಲ್ಲುಗಳನ್ನು ಗ್ಲೂ ಗನ್ ಅಂಟಿನಲ್ಲಿ ಕೂಡಿಸಿದ್ದಾರೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಒಂದು ಮಧ್ಯಾಹ್ನ ಬಿಟ್ಟರೆ ಆ ಅಂಟು ಮೆತ್ತಗಾಗಿ ಹಲ್ಲು ಜಾರುತ್ತವೆ. ಎಂ-ಸೀಲ್ ಚಿಟಿಕೆಯಷ್ಟು ಸಾಕು, ಒಮ್ಮೆ ಕೂತರೆ ಮತ್ತೆ ಅಲ್ಲಾಡುವುದಿಲ್ಲ. ಬುರುಡೆ ಎತ್ತುವಾಗ ಕಣ್ಣಿನ ಗೂಡಿಗೆ ಬೆರಳು ಹಾಕಿ ಎತ್ತುವುದು ಎಲ್ಲ ಮಕ್ಕಳ ಚಾಳಿ. ಎರಡೂ ಅಂಗೈ ಅಡಿಗೆ ಕೊಟ್ಟು ಎತ್ತಲು ಮೊದಲ ದಿನವೇ ಹೇಳಬೇಕು.

ಪುಸ್ತಿಕೆಯ ಮೊದಲ ಚಟುವಟಿಕೆ ಮಿದುಳಿನ ಗಾತ್ರ ಅಳೆಯುವುದು. 'ಯಾವುದಾದರೂ ಕಾಳು ತುಂಬಿ' ಎಂದಷ್ಟೇ ಬರೆದು ಬಿಟ್ಟಿದ್ದಾರೆ, ಎಡವಟ್ಟು ಶುರುವಾಗುವುದೇ ಅಲ್ಲಿ. ಜೋಳ ದಪ್ಪವಾಯಿತು, ಗೋಡೆಯ ಪಕ್ಕ ಸಂದು ಬಿಡುತ್ತದೆ. ಸಜ್ಜೆಗೆ ಮೂತಿ ಚೂಪು, ಒಂದೇ ಸಮ ಕೂರುವುದಿಲ್ಲ. ರಾಗಿ ಕಣ್ಣಿನ ನರ ಹೊರಡುವ ತೂತಿನಿಂದ ಸೋರಿಹೋಗುತ್ತದೆ. ಸಾಸಿವೆ ಸರಿ: ದುಂಡಗಿದೆ, ಹರಿಯುತ್ತದೆ, ಮೂಲೆ ಸೇರುತ್ತದೆ. ಒಂದೂವರೆ ಕೆಜಿ ಇಟ್ಟುಕೊಂಡರೆ ನಿಯಾಂಡರ್ತಾಲ್ ಕೂಡ ತುಂಬುತ್ತದೆ.

ಬುರುಡೆಯನ್ನು ಬಟ್ಟೆಯ ಸಿಂಬಿಯ ಮೇಲೆ ಬೋರಲು ಇಡಿ. ಬೆನ್ನುಹುರಿ ಇಳಿಯುವ ದೊಡ್ಡ ತೂತು ಮೇಲೆ ಬರುತ್ತದೆ. ಉಳಿದ ತೂತುಗಳಿಗೆ ಹತ್ತಿ ತುರುಕಿ. ಕಾಗದದ ಕೊಳವೆಯಿಂದ ಅರ್ಧ ತುಂಬಿ, ಬೆರಳಲ್ಲಿ ಇಪ್ಪತ್ತು ಸಲ ತಟ್ಟಿ, ಪೂರ್ತಿ ತುಂಬಿ, ಮತ್ತೆ ಇಪ್ಪತ್ತು ಸಲ ತಟ್ಟಿ, ಸ್ಕೇಲಿನಿಂದ ಮಟ್ಟ ಮಾಡಿ. ಬಳಿಕ ಒಂದು ಲೀಟರಿನ ಅಳತೆ ಸಿಲಿಂಡರಿಗೆ, ಬೇಕಾದರೆ ಎರಡು ಕಂತಿನಲ್ಲಿ, ಸುರಿದು ಅಲ್ಲಿಯೂ ಅಷ್ಟೇ ಸಲ ತಟ್ಟಬೇಕು. ತಟ್ಟುವುದನ್ನು ಮರೆತರೆ ಬುರುಡೆಯಲ್ಲಿ ಒತ್ತಾಗಿ ಕೂತ ಸಾಸಿವೆ ಸಿಲಿಂಡರಿನಲ್ಲಿ ಸಡಿಲವಾಗಿ ಕೂತು ಗಾತ್ರ ಹೆಚ್ಚು ತೋರಿಸುತ್ತದೆ. ಆಧುನಿಕ ಬುರುಡೆಯನ್ನು ಹೀಗೆ ಮೂರು ಸಲ ಅಳೆದಾಗ 1,330, 1,365, 1,350 ಸಿಸಿ ಬಂತು. ಮನುಷ್ಯರ ಸರಾಸರಿ ಸುಮಾರು 1,350, ಹಾಗಾಗಿ ಇದು ಪಾಸು. ಎರೆಕ್ಟಸ್ ಹುಡುಗ ಮಾತ್ರ 800ಕ್ಕೇ ನಿಂತ. ಅಸಲು ಪಳೆಯುಳಿಕೆಯ ಲೆಕ್ಕ 880. ಅಚ್ಚಿನ ಗೋಡೆ ದಪ್ಪ ಮಾಡಿದ್ದಾರೆ, ಒಳಗಿನ ಜಾಗ ಅಷ್ಟು ಕಿರಿದಾಗಿದೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಸರಿಯಾದ ಸಂಖ್ಯೆ ಬೋರ್ಡಿನ ಮೇಲೆ ಬರೆದು, ನಿಮ್ಮದು ಯಾಕೆ ಕಡಿಮೆ ಬಂತು ಎಂದು ಕೇಳಿದರೆ ಒಳ್ಳೆಯ ಅರ್ಧ ಗಂಟೆ ಕಳೆಯುತ್ತದೆ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ಇದೇ ಕೆಲಸ ಮಾಡುತ್ತಿದ್ದ. ಕಾಳಿನ ಅಳತೆ ಸಲಕ್ಕೊಂದು ಬರುತ್ತದೆಂದು ಆಮೇಲೆ ಸೀಸದ ಗುಂಡಿಗೆ ಬದಲಾಯಿಸಿದ. ಆ ಅಂಕಿಗಳನ್ನು ಜನಾಂಗಗಳ ಮೇಲುಕೀಳು ಸಾಧಿಸಲು ಬಳಸಿದ್ದೇ ಅವನ ದೊಡ್ಡ ತಪ್ಪು. ಪುಸ್ತಿಕೆಯಲ್ಲಿ ಈ ಎಚ್ಚರಿಕೆಯ ಒಂದು ಸಾಲೂ ಇಲ್ಲ. ಇಂಥ ಪೆಟ್ಟಿಗೆಯಲ್ಲಿ ಅದು ಇರಲೇಬೇಕಿತ್ತು.

ಅಳತೆ ಮುಗಿದ ಮೇಲೆ ಪುಸ್ತಿಕೆ ಒಂದು ಹಾರಿಕೆ ಹಾರುತ್ತದೆ: ಮಿದುಳು ದೊಡ್ಡದಾಯಿತು, ಆದ್ದರಿಂದ ಮಾತು ಬಂತು, ಆದ್ದರಿಂದ ಬುದ್ಧಿ ಬಂತು. ಅವರೇ ಕೊಟ್ಟ ಬುರುಡೆ ಇದನ್ನು ಸುಳ್ಳು ಮಾಡುತ್ತದೆ. ನಿಯಾಂಡರ್ತಾಲ್ ಅಳತೆ 1,600 ಸಿಸಿ ಹತ್ತಿರ, ನಮಗಿಂತ ಜಾಸ್ತಿ. ಇನ್ನೊಂದು ಕಡೆ 2003ರಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಸಿಕ್ಕ ಕುಳ್ಳ ಮನುಷ್ಯನದು 400ರ ಆಸುಪಾಸು. ಚಿಂಪಾಂಜಿಯಷ್ಟೇ ಮಿದುಳು, ಆದರೆ ಅದೇ ಗವಿಯಲ್ಲಿ ಕಲ್ಲಿನ ಆಯುಧಗಳಿವೆ. ಗಾತ್ರ ಲೆಕ್ಕಕ್ಕಿಲ್ಲ ಎಂದಲ್ಲ. ಮೈತೂಕದ ನೂರಕ್ಕೆ ಎರಡು ಪಾಲು ಇರುವ ಮಿದುಳು ಕೂತಲ್ಲೇ ಶಕ್ತಿಯ ಐದನೇ ಒಂದು ಪಾಲು ತಿನ್ನುತ್ತದೆ. ಅಷ್ಟು ದುಬಾರಿ ಅಂಗ ಸುಮ್ಮನೆ ಬೆಳೆಯುವುದಿಲ್ಲ. ಆದರೆ ಒಳಗಿನ ಜೋಡಣೆಯ ಲೆಕ್ಕ ಬೇರೆ. ಜಾರ್ಜಿಯಾದ ದ್ಮಾನಿಸಿ ಮತ್ತು ಆಫ್ರಿಕಾದ ಬುರುಡೆಗಳ ಒಳಮೈಯ ಗುರುತು ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂಭಾಗದ ಹಾಲೆ ಮನುಷ್ಯರ ರೀತಿ ಮಡಿಕೆಗೊಂಡದ್ದು ಸುಮಾರು 17ರಿಂದ 15 ಲಕ್ಷ ವರ್ಷಗಳ ನಡುವೆ. ಅದಕ್ಕೆ ಮೊದಲೇ ಹೋಮೋ ಜಾತಿಯವರು ಆಫ್ರಿಕಾ ದಾಟಿ ಹೋಗಿದ್ದರು, ಕಲ್ಲು ಒಡೆಯುತ್ತಿದ್ದರು. 1861ರಲ್ಲಿ ಪಾಲ್ ಬ್ರೋಕಾ ಮಾತು ನಿಂತ ರೋಗಿಯ ಮಿದುಳಿನಲ್ಲಿ ಗುರುತಿಸಿದ ಜಾಗವೂ ಆ ಮುಂಭಾಗದ ಹಾಲೆಯಲ್ಲೇ ಇದೆ. ಈ ಸಂಗತಿಗಳನ್ನು ತೋರಿಸಲು ಬುರುಡೆಯ ಒಳಮೈ ಅಚ್ಚು ಬೇಕು. ಪೆಟ್ಟಿಗೆಯ ಬುರುಡೆಗಳ ಒಳಭಾಗವೋ ಬಕೆಟ್ಟಿನ ಹಾಗೆ ನುಣ್ಣಗಿದೆ.

ಗಂಟಲಿನ ಸೀಳುಮಾದರಿ ರಬ್ಬರಿನದು, ಕೆಲಸ ಅಚ್ಚುಕಟ್ಟು. ಒಂದು ಮಗ್ಗುಲು ಚಿಂಪಾಂಜಿ, ಇನ್ನೊಂದು ಮಗ್ಗುಲು ಮನುಷ್ಯ. ಧ್ವನಿಪೆಟ್ಟಿಗೆ ನಮ್ಮಲ್ಲಿ ಕೆಳಗಿಳಿದಿದೆ, ಅದಕ್ಕೇ ನಾವು ಮಾತಾಡುತ್ತೇವೆ, ಅವು ಆಡುವುದಿಲ್ಲ ಎಂದು ಚೀಟಿ ಅಂಟಿಸಿದ್ದಾರೆ. ಇದು ಫಿಲಿಪ್ ಲೀಬರ್‌ಮನ್ 1969ರಲ್ಲಿ ಮುಂದಿಟ್ಟ ವಾದ. 2016ರಲ್ಲಿ ಟೆಕಮ್ಸೆ ಫಿಚ್ ಮತ್ತು ಸಂಗಡಿಗರು ಬದುಕಿರುವ ಮಕಾಕ್ ಕೋತಿಯ ಗಂಟಲನ್ನು ಎಕ್ಸ್-ರೇ ವಿಡಿಯೊದಲ್ಲಿ ಹಿಡಿದು ಲೆಕ್ಕ ಹಾಕಿದರು. ಅರ್ಥವಾಗುವಂಥ ಸ್ವರಗಳಿಗೆ ಅದರ ಗಂಟಲು ಸಾಕಷ್ಟಾಯಿತು, ಸಾಲದೆ ಬಂದದ್ದು ಗಂಟಲನ್ನು ಆಡಿಸುವ ಮಿದುಳಿನ ಹತೋಟಿ. ಹಾಗಾಗಿ ಆ ಚೀಟಿ ಕಿತ್ತುಹಾಕಿ, ಮಾದರಿ ಇಟ್ಟುಕೊಳ್ಳಿ. ಅ, ಇ, ಉ ಎಂದು ಸರದಿಯಾಗಿ ಹೇಳಿಸಿ ದವಡೆ ಎಲ್ಲಿ ಇಳಿಯಿತು, ನಾಲಗೆ ಎಲ್ಲಿ ಏರಿತು, ತುಟಿ ಯಾವಾಗ ದುಂಡಗಾಯಿತು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಾಲಗೆ ಬುಡದ ಮೂಳೆ ಇಸ್ರೇಲಿನ ಕೆಬಾರಾ ಗವಿಯಲ್ಲಿ 1983ರಲ್ಲಿ ದೊರೆತ, ಸುಮಾರು 60,000 ವರ್ಷ ಹಿಂದಿನ ನಿಯಾಂಡರ್ತಾಲ್ ಮೂಳೆಯ ಪ್ರತಿ. ನಮ್ಮದಕ್ಕೂ ಅದಕ್ಕೂ ವ್ಯತ್ಯಾಸ ಕಾಣದಷ್ಟು ಹೋಲಿಕೆ. ಇಥಿಯೋಪಿಯಾದ ದಿಕಿಕಾದಲ್ಲಿ ಸಿಕ್ಕ 33 ಲಕ್ಷ ವರ್ಷದ ಮಗುವಿನದು ವಾನರರ ಮೂಳೆಯಂತಿದೆ. ಇವೆರಡನ್ನೂ ಜೋಡಿಯಾಗಿ ಕೊಟ್ಟಿದ್ದರೆ ಹೋಲಿಸಬಹುದಿತ್ತು, ಕೊಟ್ಟಿರುವುದು ಒಂದೇ. ತೀರಾ ಚಿಕ್ಕದು, ದಾರ ಕಟ್ಟಿ ಇಡದಿದ್ದರೆ ಮೊದಲ ವಾರವೇ ಕಸದ ಬುಟ್ಟಿ ಸೇರುತ್ತದೆ.

ಇನ್ನು ಕಲ್ಲು. ಪೆಟ್ಟಿಗೆಯ ಜೀವ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ನಾಲ್ಕು ಬೆಣಚುಕಲ್ಲು, ನಾಲ್ಕು ಕಪ್ಪು ಡಾಲರೈಟ್, ಹೊಡೆಯಲು ಮೂರು ಗುಂಡುಕಲ್ಲು, ಮತ್ತು ರೆಸಿನ್‌ನಲ್ಲಿ ಅಚ್ಚು ಹಾಕಿದ ಒಂದು ಕೈಗೊಡಲಿ (ಹಿಡಿಕೆ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಆಯುಧ). ಕಣ್ಣಿಗೆ ಹಾಕುವ ಗಾಗಲ್ ಎರಡು ಇವೆ, ತೊಡೆಗೆ ಹಾಸಲು ಏನೂ ಕೊಟ್ಟಿಲ್ಲ. ಗೋಣಿಚೀಲ ನಾಲ್ಕು ಮಡಿಕೆ ಮಾಡಿದರೆ ಆಯಿತು.

ಮೊದಲು ಕಲ್ಲಿನ ಸದ್ದು ಕೇಳಿ. ಎಡಗೈಯಲ್ಲಿ ಸಡಿಲವಾಗಿ ಹಿಡಿದು ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಕಿವುಡು ಸದ್ದು. ಕೊಟ್ಟಿರುವ ನಾಲ್ಕು ಬೆಣಚುಕಲ್ಲಿನಲ್ಲಿ ಮೂರು ಕಿವುಡು. ಅವುಗಳ ಒಳಗೆಲ್ಲ ಕೂದಲಿನಂಥ ಸೀಳುಗಳು, ಹೊಡೆದರೆ ಚೂಪಂಚಿನ ತೆಳು ಚಕ್ಕೆ ಏಳುವ ಬದಲು ಕಲ್ಲುಸಕ್ಕರೆಯ ಹಾಗೆ ತುಂಡುತುಂಡು. ಡಾಲರೈಟ್ ಒಳ್ಳೆಯ ಕಲ್ಲು, ಆದರೆ ಹಟಮಾರಿ. ಅರ್ಧ ಕೆಜಿಗಿಂತ ಹಗುರದ ಗುಂಡಿಗೆ ಜಪ್ಪಯ್ಯ ಅನ್ನುವುದಿಲ್ಲ, ಕೊಟ್ಟಿರುವ ಮೂರೂ 300 ಗ್ರಾಂ ಸುತ್ತಮುತ್ತ. ಕೃಷ್ಣೆಯ ದಂಡೆಯ ಜಲ್ಲಿಯಲ್ಲಿ ಸಿಗುವ ಚಕಮಕಿ ಜಾತಿಯ ಉಂಡೆಗಳು ಕಲಿಯುವವರಿಗೆ ಇವೆರಡಕ್ಕಿಂತ ಹಿತ.

ಕೂರುವುದು ಗಿಡ್ಡ ಮಣೆಯ ಮೇಲೆ. ಕಲ್ಲನ್ನು ತೊಡೆಗೆ ಆನಿಸಿ, ಅಂಚು 90 ಡಿಗ್ರಿಗಿಂತ ಕಡಿಮೆ ಓರೆ ಇರುವ ಕಡೆ ಹುಡುಕಿ. ಅಂಚಿನಿಂದ ಸುಮಾರು ಒಂದು ಸೆಂ.ಮೀ. ಒಳಗೆ, ಗುಂಡುಕಲ್ಲು ಜಾರಿ ಹೋಗುವ ಹಾಗೆ ಓರೆಯಾಗಿ ಏಟು ಬೀಳಬೇಕು. ಚಕ್ಕೆ ಏಳುವುದು ಏಟು ಬಿದ್ದ ಕಡೆಯಲ್ಲಲ್ಲ, ಅದರ ಕೆಳಮೈಯಿಂದ. ಹೊಸಬರು ಮೇಲೆ ನೋಡುತ್ತಾ ಕೂರುತ್ತಾರೆ, ಚಕ್ಕೆ ಅಷ್ಟರಲ್ಲಿ ಗೋಣಿಚೀಲಕ್ಕೆ ಬಿದ್ದಿರುತ್ತದೆ. ನಡುವೆ ಹೊಡೆದರೆ ಬರೀ ಬಿಳಿ ಪುಡಿ. ಅಂಚು ನೆಟ್ಟಗಿದ್ದರೆ ಎಷ್ಟು ಬಲ ಹಾಕಿದರೂ ಏಟು ಕಲ್ಲಿನೊಳಗೇ ಸಾಯುತ್ತದೆ. ಸಿಟ್ಟು ಬಂದು ಜೋರಾಗಿ ಹೊಡೆದಾಗ ಬೆರಳಿಗೆ ಪೆಟ್ಟು. ತರಗತಿಯೊಳಗೆ ಇದನ್ನು ಮಾಡಿಸಲೇಬಾರದು. ಕಲ್ಲಿನ ನಯವಾದ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ತರುತ್ತದೆ. ಗಾಳಿಗೆ ಬೆನ್ನು ಮಾಡಿ ಬಯಲಲ್ಲಿ ಕೂತು, ಕೆಳಗೆ ತಾಡಪಾಲು ಹಾಸಿ, ಮುಗಿದ ಮೇಲೆ ಚೂರುಗಳನ್ನು ಎಣಿಸಿ ಎತ್ತಬೇಕು. ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಂತೂ ಬೇಡ.

ಪುಸ್ತಿಕೆ 'ಚಕ್ಕೆ ಮಾಡಿ ನೋಡಿ' ಎಂದು ಇಲ್ಲಿಗೇ ಕೈತೊಳೆದುಕೊಳ್ಳುತ್ತದೆ. ಅಸಲು ಆಟ ಇಲ್ಲಿಂದ ಮುಂದೆ. ಥಾಮಸ್ ಮಾರ್ಗನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 184 ಜನರಿಗೆ ಐದು ರೀತಿಯಲ್ಲಿ ಚಕ್ಕೆ ತೆಗೆಯುವುದನ್ನು ಕಲಿಸಿದರು. ಕೆಲವರಿಗೆ ಮುಗಿದ ಚಕ್ಕೆ ಮಾತ್ರ ಕೊಟ್ಟರು, ಕೆಲವರಿಗೆ ನೋಡಲು ಬಿಟ್ಟರು, ಕೆಲವರಿಗೆ ಕೈ ಹಿಡಿದು ತಿದ್ದಿದರು, ಕೆಲವರಿಗೆ ಸನ್ನೆ, ಕೊನೆಯವರಿಗೆ ಮಾತು. ಕಲಿತವರು ಮುಂದಿನವರಿಗೆ ಕಲಿಸಬೇಕು, ಸರಪಳಿಯ ಹಾಗೆ. 6,000ಕ್ಕೂ ಹೆಚ್ಚು ಚೂರುಗಳನ್ನು ಅಳೆದು ನೋಡಿದರೆ, ಬರೀ ನೋಡಿ ಕಲಿತವರು ತಾವೇ ತಡಕಾಡಿ ಕಲಿತವರಿಗಿಂತ ಹೆಚ್ಚೇನೂ ಮುಂದಿರಲಿಲ್ಲ. ಸನ್ನೆಯಿಂದ ಹುಷಾರಾದರು, ಮಾತಿನಿಂದ ಇನ್ನೂ. ಇಥಿಯೋಪಿಯಾದ ಗೋನಾದಲ್ಲಿ 26 ಲಕ್ಷ ವರ್ಷದ ಹಿಂದೆ ಕಾಣುವ ಚಕ್ಕೆ ತೆಗೆಯುವ ಕ್ರಮ ಸುಮಾರು ಏಳು ಲಕ್ಷ ವರ್ಷ ಹೆಚ್ಚು ಬದಲಾಗದೆ ಉಳಿಯಿತು. ಕಲಿಸುವ ದಾರಿ ಕಿರಿದಾಗಿದ್ದದ್ದೇ ಕಾರಣವಿರಬಹುದು, ಚೆನ್ನಾಗಿ ಕಲಿಸಬಲ್ಲವರ ಮಕ್ಕಳಿಗೆ ಆಯುಧದ ಲಾಭ ಹೆಚ್ಚು ಸಿಕ್ಕು ಹಾಗೆಯೇ ಮಾತಿನ ಶಕ್ತಿ ಆಯ್ಕೆಯಾಗುತ್ತಾ ಬಂದಿರಬಹುದು ಎಂಬುದು ಅವರ ವಾದ.

ಪೆಟ್ಟಿಗೆಯ ಕಲ್ಲಿನಲ್ಲಿ ಇದನ್ನು ಮೂರು ಸಾಲಿಗೆ ಇಳಿಸಬಹುದು. ಸಾಲಿಗೆ ಐದು ಮಕ್ಕಳು. ಮೊದಲ ಸಾಲಿಗೆ ನೋಡುವುದು ಮಾತ್ರ, ಎರಡನೆಯದಕ್ಕೆ ಸನ್ನೆ, ಮೂರನೆಯದಕ್ಕೆ ಮಾತು. ತಲಾ ಐದು ನಿಮಿಷ. ಎರಡು ಸೆಂ.ಮೀ.ಗಿಂತ ದೊಡ್ಡದಾಗಿ, ಸುತಳಿ ದಾರವನ್ನು ಐದು ಎಳೆತದಲ್ಲಿ ಕತ್ತರಿಸಬಲ್ಲ ಚಕ್ಕೆಗೆ ಮಾತ್ರ ಅಂಕ. ದಾರದ ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಪುಡಿ ತುಂಡುಗಳನ್ನೆಲ್ಲ ರಾಶಿ ಹಾಕಿ ಗೆದ್ದೆವೆನ್ನುತ್ತಾರೆ. ಎಂಟು ಒಡೆಯುವ ಕಲ್ಲಿಗೆ ಹದಿನೈದು ಮಕ್ಕಳು ಆಗುವುದಿಲ್ಲ, ಕಡಿಮೆಯೆಂದರೆ ಇಪ್ಪತ್ತು ಕಲ್ಲು ಕೂಡಿಸಿಟ್ಟುಕೊಳ್ಳಬೇಕು.

ಮೂರನೇ ಸಾಲಿನ ಹತ್ತಿರ ಕೂತು ಮಾತು ಕೇಳಿಸಿಕೊಳ್ಳಿ. ಕೊಪ್ಪಳದ ಮಕ್ಕಳಾದರೆ ಹೀಗಿರುತ್ತದೆ: "ಹಂಗಲ್ಲೋ, ಒಳಗ ಹೊಡದ್ರ ಪುಡಿ ಆಗ್ತೈತಿ, ಅಂಚಿಗಿ ಓರಿ ಮಾಡಿ ಹೊಡದ್ರ ಚಕ್ಕಿ ಬರ್ತೈತಿ." ಇದರಲ್ಲಿ 'ಅಂಚು' ಮತ್ತು 'ಓರೆ'ಯನ್ನು ಸನ್ನೆಯಲ್ಲೂ ತೋರಿಸಬಹುದು. ತೋರಿಸಲಾಗದ್ದು ಆ 'ಹೊಡದ್ರ'. ಇನ್ನೂ ಆಗದ ಏಟು, ಆದರೆ ಏನಾಗುತ್ತದೆ ಎಂಬ ಮುನ್ನೋಟ, ಎರಡೂ ಒಂದು ಪ್ರತ್ಯಯದಲ್ಲಿ ಕೂತಿವೆ, ಅದು ಬೇಡ ಎಂಬ ನಿಷೇಧ 'ಹಂಗಲ್ಲೋ'ದಲ್ಲಿದೆ. ಸನ್ನೆಯವರ ಸಾಲಿನಲ್ಲಿ ಇದಕ್ಕಾಗಿ ನಿಜವಾಗಿ ತಪ್ಪು ಏಟು ಹೊಡೆದು, ಕಲ್ಲು ಹಾಳು ಮಾಡಿ, ತಲೆ ಅಲ್ಲಾಡಿಸಬೇಕು. ಕಣ್ಣೆದುರು ಇಲ್ಲದ್ದನ್ನು ಇಬ್ಬರ ನಡುವೆ ಇಟ್ಟು ಮಾತಾಡುವುದು ಎಂದರೆ ಏನೆಂದು ವಿವರಿಸಲು ಇದಕ್ಕಿಂತ ಸಣ್ಣ ಉದಾಹರಣೆ ಬೇಕಿಲ್ಲ. ಕಾಂಜಿ ಎಂಬ ಬೊನೊಬೊ ವಾನರ ಚಿಹ್ನೆಗಳ ಫಲಕ ಬಳಸಿ ತನಗೆ ಬೇಕಾದ್ದನ್ನು ತಿಳಿಸುತ್ತಿತ್ತು, 1990ರ ದಶಕದಲ್ಲಿ ಚಕ್ಕೆ ತೆಗೆಯುವುದನ್ನೂ ಕಲಿಯಿತು. ಆದರೆ ಓರೆ ಅಂಚಿನ ಗುಟ್ಟು ಅದಕ್ಕೆ ಪೂರ್ತಿ ಹತ್ತಲಿಲ್ಲ, ಕಲ್ಲನ್ನು ಗಟ್ಟಿ ನೆಲಕ್ಕೆ ಎಸೆದು ಒಡೆಯುವುದೇ ಅದಕ್ಕೆ ಸುಲಭವಾಗಿ ಕಂಡಿತು.

ಪ್ರಯೋಗದ ಮಿತಿಯನ್ನೂ ಮಕ್ಕಳಿಗೆ ಹೇಳಬೇಕು. ಮಾತು ಬಲ್ಲವರ ಬಾಯಿ ಕಟ್ಟಿದ ಮಾತ್ರಕ್ಕೆ ಮಾತಿಲ್ಲದ ಕಾಲದವರು ಸಿಕ್ಕ ಹಾಗಾಗಲಿಲ್ಲ. ಶೆಲ್ಬಿ ಪಟ್ ತಂಡ 2017ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಣದಲ್ಲಿ, ಮಾತಿಲ್ಲದೆ ಕಲಿತವರು ಕಲ್ಲು ಒಡೆಯುವಾಗ ಬಳಸಿದ ಜಾಗಗಳೇ ಬೇರೆ, ಮಾತಿನಿಂದ ಕಲಿತವರದು ಬೇರೆ. ಅಂದರೆ ಕಲ್ಲಿನ ಕೆಲಸಕ್ಕೆ ಮಾತು ಬೇಕೇ ಬೇಕು ಎಂದೇನಿಲ್ಲ. ಮಾತಿದ್ದರೆ ಕಲಿಕೆ ಬೇಗ ದಾಟುತ್ತದೆ, ಅಷ್ಟು ಹೇಳಿದರೆ ಸುಳ್ಳಾಗದು.

ರೆಸಿನ್ ಕೈಗೊಡಲಿಯ ಮೇಲೆ ಯುರೋಪಿನ ನಕ್ಷೆ ಅಚ್ಚಾಗಿದೆ. ಇಲ್ಲಿನ ಮಕ್ಕಳಿಗೆ ಯುರೋಪ್ ಯಾಕೆ? ರಾಯಚೂರಿನ ಮಗ್ಗುಲಲ್ಲೇ, ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಇಸಾಂಪುರದಲ್ಲಿ, ಸುಣ್ಣಕಲ್ಲಿನ ಹಾಸುಗಳಿಂದ ಕೈಗೊಡಲಿ ಮಾಡಿದ ಜಾಗ ಇದೆ. ಸುಮಾರು 12 ಲಕ್ಷ ವರ್ಷದ್ದು ಎಂದು ಕಾಲ ಕಟ್ಟಿದ್ದಾರೆ. ಕಲ್ಲು ಆರಿಸಿದ ಜಾಗ, ಒಡೆದ ಜಾಗ, ಬಿಸಾಕಿದ ಚಕ್ಕೆ, ಎಲ್ಲ ಅಲ್ಲಲ್ಲೇ ಸಿಕ್ಕಿವೆ. ಬಳ್ಳಾರಿ ಊರಿನ ಹೊರಗೆ ಸಂಗನಕಲ್ಲು, ಕಪ್ಪಗಲ್ಲಿನ ಹಿರೇಗುಡ್ಡ ಇವೆ. ಕ್ರಿ.ಪೂ. ಎರಡನೇ ಸಾವಿರಮಾನದ ನವಶಿಲಾಯುಗದವರು ಅಲ್ಲಿನ ಡಾಲರೈಟ್ ಸಾಲಿನಿಂದ ಕಲ್ಲು ಕಿತ್ತು, ಚಕ್ಕೆ ತೆಗೆದು, ಕುಟ್ಟಿ, ಬಂಡೆಯ ಮೇಲೆ ತಿಕ್ಕಿ ಕೊಡಲಿ ಮಾಡುತ್ತಿದ್ದರು. ತಿಕ್ಕಿದ ಹಳ್ಳಗಳು ಈಗಲೂ ಬೆರಳಿಗೆ ಸಿಗುತ್ತವೆ. ಹೊಡೆದರೆ ಗಂಟೆಯಂತೆ ಮೊಳಗುವ ಬಂಡೆಗಳೂ, ಉದ್ದ ಕೊಂಬಿನ ದನಗಳ ಕುಟ್ಟುಚಿತ್ರಗಳೂ ಅಲ್ಲೇ ಇವೆ. ಆ ಚಿತ್ರಗಳ ಬಗ್ಗೆ ಎಫ್. ಫಾಸೆಟ್ 1892ರಲ್ಲೇ ಬರೆದಿದ್ದ. ಪೆಟ್ಟಿಗೆ ಮುಚ್ಚಿ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ, ಬರುವ ದಾರಿಯಲ್ಲಿ ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫುಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಕೊಡಲಿಗಳನ್ನು ನೋಡಿಸಿ. ಗುಡ್ಡದಲ್ಲಿ ಬಿದ್ದ ಒಂದು ಚಕ್ಕೆಯನ್ನೂ ಜೇಬಿಗೆ ಇಳಿಸಕೂಡದು. ಚೂರು ಎಲ್ಲಿ ಬಿದ್ದಿದೆ ಅನ್ನುವುದರಲ್ಲೇ ಅದರ ಅರ್ಧ ಸಂಗತಿ ಇರುತ್ತದೆ.

ಚೀಟಿಗಳದ್ದು ನಿಜಕ್ಕೂ ಜಾಣ ಕೆಲಸ. ಮೂರು ಆಕಾರ, ಮೂರು ಬಣ್ಣ, ಮೂರು ಚಲನೆ, ಒಟ್ಟು 27. ಸೈಮನ್ ಕಿರ್ಬಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಎತ್ತಿದ್ದು, ಪುಸ್ತಿಕೆ ಅದನ್ನು ಹೇಳುವುದಿಲ್ಲ. ಆಡುವುದು ಹೀಗೆ: ಪ್ರತಿ ಚೀಟಿಗೂ ಅರ್ಥವಿಲ್ಲದ ಒಂದು ಪದ ಬರೆದಿಡಿ, ಎರಡರಿಂದ ನಾಲ್ಕು ಅಕ್ಷರ. ಮೊದಲ ಮಗುವಿಗೆ 14 ಚೀಟಿಗಳ ಪದ ಮಾತ್ರ ಕಲಿಸಿ, ಆಮೇಲೆ 27ಕ್ಕೂ ಪದ ಕೇಳಿ. ಕಲಿಯದ 13ಕ್ಕೆ ಅದು ಊಹಿಸಿ ಹೇಳಬೇಕಾಗುತ್ತದೆ, ತಾನು ಊಹಿಸುತ್ತಿದ್ದೇನೆಂದು ಮಗುವಿಗೆ ಗೊತ್ತಾಗಬಾರದು. ಅದು ಹೇಳಿದ್ದೇ ಮುಂದಿನ ಮಗುವಿನ ಪಾಠ. ಹತ್ತು ಸುತ್ತು.

ಹೀಗೆಯೇ ಬಿಟ್ಟರೆ ಒಂದು ತೊಡಕು ಬರುತ್ತದೆ. ನೆನಪಿಡುವುದು ಸುಲಭವಾಗಲಿ ಎಂದು ಪದಗಳು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಒಂದೇ ಪದ ಒಂಬತ್ತು ಚೀಟಿಗೆ ಕೂರುತ್ತದೆ. ಕಿರ್ಬಿ ತಂಡಕ್ಕೂ ಇದೇ ಆಯಿತು. ಎರಡನೇ ಸಲ ಅವರು ಒಂದೇ ಪದ ಎರಡು ಚಿತ್ರಕ್ಕೆ ಬಂದರೆ ಒಂದನ್ನು ಗುಟ್ಟಾಗಿ ಕಿತ್ತು ಮುಂದಿನವರಿಗೆ ಕೊಟ್ಟರು. ಆಗ ಪದಗಳು ಒಡೆದು ಜೋಡಣೆಯಾದವು: ಮೊದಲ ತುಂಡು ಬಣ್ಣಕ್ಕೆ, ನಡುವಿನದು ಆಕಾರಕ್ಕೆ, ಕೊನೆಯದು ಚಲನೆಗೆ. ಯಾರೂ ವ್ಯಾಕರಣ ಮಾಡಲು ಕೂತಿರಲಿಲ್ಲ. ದಾಟುವಾಗಿನ ಕಿರಿದಾದ ಬಾಗಿಲೇ ಅದನ್ನು ಮಾಡಿತು. ಭಾಷೆ ಬುದ್ಧಿಯನ್ನು ತಿದ್ದಿತು ಎಂದು ಹೇಳುವಾಗ, ಚಿಕ್ಕ ಮಕ್ಕಳ ನೆನಪಿನ ಮಿತಿ ಭಾಷೆಯನ್ನು ತಿದ್ದಿತು ಎಂಬ ಇನ್ನರ್ಧ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಈ ಚೀಟಿಗಳು ಅದನ್ನು ಮೇಜಿನ ಮೇಲೆ ತಂದಿಡುತ್ತವೆ.

ಚೀಟಿಯ ಕೆಂಪು ಮತ್ತು ಕಿತ್ತಳೆ ಟ್ಯೂಬ್‌ಲೈಟ್ ಬೆಳಕಲ್ಲಿ ಒಂದೇ ಕಾಣುತ್ತವೆ, ಹಗಲಲ್ಲೇ ಆಡಿಸಿ. ಮಕ್ಕಳು ಕನ್ನಡ ಪದವನ್ನು ನುಸುಳಿಸುತ್ತಾರೆ. 'ಕೆಂಲು' ಎಂದು ಬಂದರೆ ಕೆಂಪು ಒಳಗೆ ಬಂತೆಂದೇ ಲೆಕ್ಕ. ಆದ್ದರಿಂದ ಪದ ಹುಟ್ಟಿಸುವಾಗಲೇ ಬಣ್ಣದ ಹೆಸರಿನ ಅಕ್ಷರಗಳನ್ನು ಹೊರಗಿಡಬೇಕು. ತೆಳ್ಳಗಿನ ಕಾಗದ, ಲ್ಯಾಮಿನೇಶನ್ ಮಾಡಿಸದಿದ್ದರೆ ಎರಡನೇ ಸಲ ಆಡಿಸುವಷ್ಟರಲ್ಲೇ ಮೂಲೆ ಮಡಚಿ, ಮಕ್ಕಳು ಚಿತ್ರ ಬಿಟ್ಟು ಮಡಿಕೆ ನೋಡಿ ಗುರುತು ಹಿಡಿಯುತ್ತಾರೆ.

ಪುಸ್ತಿಕೆಯ ಕನ್ನಡ ಓದಿಸಿಕೊಳ್ಳುತ್ತದೆ, ಒಳಗಿನ ಸರಕು ಹಳಸಿದೆ. ಫಾಕ್ಸ್‌ಪಿ2 ಅನ್ನು 'ಮಾತಿನ ಜೀನ್' ಎಂದು ಒಂದು ಪುಟ ತುಂಬಾ ಹೊಗಳಿದ್ದಾರೆ. ಲಂಡನ್ನಿನ ಒಂದು ಕುಟುಂಬದಲ್ಲಿ ತಲೆಮಾರುಗಳಿಂದ ಮಾತು ತೊಡರುತ್ತಿದ್ದುದನ್ನು ಹಿಡಿದು 2001ರಲ್ಲಿ ಈ ಜೀನ್ ಗುರುತಿಸಿದ್ದು ನಿಜ. ಚಿಂಪಾಂಜಿಗೂ ನಮಗೂ ಅದರ ಪ್ರೋಟೀನಿನಲ್ಲಿ ಎರಡೇ ಕಡೆ ವ್ಯತ್ಯಾಸ. ಆದರೆ ಆ ವ್ಯತ್ಯಾಸ ನಿಯಾಂಡರ್ತಾಲರಲ್ಲೂ ಇತ್ತೆಂದು 2007ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಇತ್ತೀಚೆಗೆ ಅದು ಆಯ್ಕೆಯಾಗಿ ಹಬ್ಬಿತು ಎಂಬ ವಾದ 2018ರ ವಿಶ್ಲೇಷಣೆಯಲ್ಲಿ ನಿಲ್ಲಲಿಲ್ಲ. ಬರವಣಿಗೆಯಿಂದ ಮಿದುಳು ಬೆಳೆಯಿತು ಎಂಬ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆಯಬೇಕು. ಬರವಣಿಗೆಗೆ ಐದು ಸಾವಿರ ವರ್ಷದ ವಯಸ್ಸು, ಮಿದುಳು ಅದಕ್ಕೆ ಎಷ್ಟೋ ಮೊದಲೇ ಈ ಗಾತ್ರಕ್ಕೆ ಬಂದಾಗಿತ್ತು. ಅದೇ ಪುಟದಲ್ಲಿ ಈಜಿಪ್ಟಿನ ಚಿತ್ರ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳು ಬಸ್ಸಿನ ದಾರಿಯಲ್ಲೇ ಇರುವಾಗ ಇದು ಸೋಮಾರಿತನ.

ಭಾಷೆ ಈ ಹೊತ್ತಿಗೂ ಬುದ್ಧಿಗೆ ಏನು ಮಾಡುತ್ತದೆ ಎಂಬುದಕ್ಕೆ ಪುಸ್ತಿಕೆಯಲ್ಲಿ ಒಂದು ಚಟುವಟಿಕೆಯೂ ಇಲ್ಲ. ಹುಣಸೆ ಬೀಜ ಇದ್ದರೆ ಸಾಕು, ನೀವೇ ಮಾಡಬಹುದು. ಬ್ರೆಜಿಲ್ಲಿನ ಪಿರಹಾ ಜನರ ಭಾಷೆಯಲ್ಲಿ ಖಚಿತ ಸಂಖ್ಯೆಯ ಪದಗಳಿಲ್ಲ. ಎದುರಿಗೆ ಸಾಲಾಗಿ ಇಟ್ಟ ವಸ್ತುಗಳಿಗೆ ಸರಿಸಮ ಜೋಡಿಸುತ್ತಾರೆ, ಮುಚ್ಚಿಟ್ಟು ನೆನಪಿನಿಂದ ಜೋಡಿಸಲು ಹೇಳಿದರೆ ಹೆಚ್ಚು ಸಂಖ್ಯೆಗೆ ತಪ್ಪುತ್ತದೆ ಎಂದು 2008ರಲ್ಲಿ ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು ತೋರಿಸಿದರು. 2012ರಲ್ಲಿ ಅದೇ ಪರೀಕ್ಷೆಯನ್ನು ಇಂಗ್ಲಿಷ್ ಮಾತಾಡುವವರಿಗೆ, ಬಾಯಲ್ಲಿ ಬೇರೆ ಮಾತನ್ನು ಒಪ್ಪಿಸುತ್ತಿರುವಾಗ ಕೊಟ್ಟರೆ ಅವರೂ ಹಾಗೇ ತಪ್ಪಿದರು. ಒಂಬತ್ತು ಹುಣಸೆ ಬೀಜ ಇಟ್ಟು, ಮುಚ್ಚಿ, ಮಗುವಿಗೆ ಪಾಠದ ಪುಸ್ತಕ ಗಟ್ಟಿಯಾಗಿ ಓದಲು ಹೇಳಿ, ಅಷ್ಟೇ ಬೀಜ ತೆಗೆದಿಡಲು ಹೇಳಿ. ಎಂಟೋ ಹತ್ತೋ ಬರುತ್ತದೆ. ಬಾಯಿಪಾಠದ ಮಗ್ಗಿ ಹೇಳಿಸಬೇಡಿ, ಅದು ತಾನೇ ಎಣಿಕೆಯಾಗಿಬಿಡುತ್ತದೆ. ಜೋಳ ಅಳೆಯುವವರು ಒಂದು ಎನ್ನುವ ಬದಲು 'ಲಾಭ' ಎಂದು ಶುರು ಮಾಡುವುದನ್ನು ಇಲ್ಲಿ ಸೇರಿಸಿದರೆ ಹಳ್ಳಿ ಮಕ್ಕಳಿಗೆ ತಕ್ಷಣ ಹತ್ತುತ್ತದೆ: ಪದ ಯಾವುದಾದರೇನು, ಜಾಗ ಹಿಡಿದರೆ ಎಣಿಕೆ ನಡೆಯುತ್ತದೆ.

ಸನ್ನೆಭಾಷೆಯ ಪ್ರಸ್ತಾಪವೂ ಇಲ್ಲದಿರುವುದು ದೊಡ್ಡ ಕೊರತೆ. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಿಂದ ಶಾಲೆಯಲ್ಲಿ ಒಟ್ಟಾದ ಕಿವುಡ ಮಕ್ಕಳು ತಾವೇ ಒಂದು ಭಾಷೆ ಕಟ್ಟಿದರು. ಮೊದಲ ತಂಡದವರಲ್ಲಿ 'ಅಂದುಕೊಂಡಿದ್ದಾನೆ', 'ಗೊತ್ತಿದೆ' ಎಂಬಂಥ ಸನ್ನೆಗಳು ಕಡಿಮೆ. ಇನ್ನೊಬ್ಬನ ತಪ್ಪು ನಂಬಿಕೆಯನ್ನು ಊಹಿಸುವ ಪರೀಕ್ಷೆಯಲ್ಲಿ ದೊಡ್ಡವರಾದ ಮೇಲೂ ಹಿಂದೆ ಬಿದ್ದರು. ಅಂಥ ಸನ್ನೆಗಳನ್ನು ಕಲಿತ ಮೇಲೆ ಪರೀಕ್ಷೆಯಲ್ಲೂ ಸುಧಾರಿಸಿದರು ಎಂದು ಜೆನ್ನಿ ಪಯರ್ಸ್ ಮತ್ತು ಆನ್ ಸೆಂಗಾಸ್ 2009ರಲ್ಲಿ ಬರೆದರು. ಗಂಟಲಿನ ಮಾದರಿಗಿಂತ ಈ ಒಂದು ಪುಟ ಹೆಚ್ಚು ಬೆಲೆಬಾಳುತ್ತಿತ್ತು.

ಚಾರ್ಟಿನಲ್ಲಿ ಕೋತಿಯಿಂದ ಮನುಷ್ಯನವರೆಗೆ ಒಂದೇ ಸಾಲಿನ ಮೆರವಣಿಗೆ. ವಿಕಾಸ ಹೀಗೆ ಒಂದೇ ಸಾಲಿನಲ್ಲಿ ನಡೆಯಲಿಲ್ಲ, ಚಾರ್ಟಿನ ಬೆನ್ನ ಮೇಲೆ ಬೇರೆ ಏನಾದರೂ ಬರೆದುಕೊಳ್ಳಿ.

ಕೊಳ್ಳುವವರಿಗೆ: ಬಿಡಿಯಾಗಿ ಕಲ್ಲು, ಚೀಟಿ 2,100ಕ್ಕೆ ತನ್ನಿ. ಗಾಗಲ್ ಇನ್ನೂ ಮೂರು, ಗೋಣಿಚೀಲ ಐದು, ಅರ್ಧ ಕೆಜಿ ಮೀರಿದ ಗುಂಡುಕಲ್ಲು ನಾಲ್ಕು ಸೇರಿಸಿ. ಬುರುಡೆ ಬೇಕೇ ಬೇಕೆಂದರೆ ಚಿಂಪಾಂಜಿ, ನಿಯಾಂಡರ್ತಾಲ್, ಆಧುನಿಕ, ಈ ಮೂರು ಸಾಕು. ಅಂಗಡಿಯಲ್ಲೇ ಬೋರಲು ಮಾಡಿ ಅಡಿಯ ತೂತು ತೆರೆದಿದೆಯೇ ನೋಡಿ, ಕೆಲವು ತಟ್ಟೆಯ ಹಾಗೆ ಮುಚ್ಚಿಕೊಂಡೇ ಬರುತ್ತವೆ. ಅಳೆದ ಸಾಸಿವೆಯನ್ನು ಒಗ್ಗರಣೆಗೆ ಹಾಕಬೇಡಿ, ಅದರಲ್ಲಿ ಪಿಓಪಿ ಪುಡಿ ಬೆರೆತಿರುತ್ತದೆ. ಡಬ್ಬಿಯ ಮೇಲೆ 'ಬುರುಡೆ ಸಾಸಿವೆ' ಎಂದು ಬರೆದು ಅಡುಗೆ ಕೋಣೆಯಿಂದ ದೂರ ಇಡಿ.